ಸಣ್ಣ ಕಾಗಳಸಿಗೆ ಸವುಳು ನೀರು: ಗಾಜಿನ ತೊಟ್ಟಿಯಲ್ಲಿ ಸಾಕುವ ಬಗೆ

ನಮ್ಮೂರು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಕಡಲಿಗೆ ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುವ ಕಡೆ. ಅಲ್ಲಿ ನೀರಿಗೆ ಮೂರು ಹೆಸರಿದೆ: ಉಪ್ಪಿಲ್ಲದ್ದು ಚಪ್ಪೆ, ಅರೆ ಉಪ್ಪಿನದು ಸವುಳು, ಕಡಲಿನದು ಉಪ್ಪು. ಆಷಾಢದಲ್ಲಿ ಹೊಳೆ ಕೆಂಪಾಗಿ ಇಳಿದು ಬಂದಾಗ ಚಪ್ಪೆ. ದೀಪಾವಳಿ ಕಳೆದ ಮೇಲೆ ಮೆಲ್ಲಗೆ ಸವುಳು. ಬೇಸಿಗೆಯ ಭರತಿಗೆ ಉಪ್ಪು. ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆದ ಗಜನಿ ಗದ್ದೆಗೆ ಕೊಯ್ಲಾದ ನಂತರ ಭರತಿಯ ನೀರು ಬಿಡುವಾಗ ಅಪ್ಪ ಬೆರಳದ್ದಿ ನಾಲಿಗೆಗೆ ಇಟ್ಟು ನೋಡುತ್ತಿದ್ದ. 'ಇನ್ನೂ ಚಪ್ಪೆ' ಎಂದರೆ ಕಾಯಬೇಕು. ಆ ನೀರಿನ ಜೊತೆ ಸಿಗಡಿ, ಮಾಲ, ನೊಗ್ಲಿಗಳ ಮರಿ ಒಳಗೆ ಬರುತ್ತಿದ್ದವು. ಅವುಗಳ ಜೊತೆ ಕಾಗಳಸಿ ಮೀನೂ ಇರುತ್ತಿತ್ತು. ಅಂಗೈ ಅಗಲದ ದೊಡ್ಡ ಕಾಗಳಸಿ ಸಾರಿಗೆ ಹೋಗುತ್ತಿತ್ತು. ಎರಡು ರೂಪಾಯಿ ನಾಣ್ಯದಷ್ಟು ಅಗಲದ, ಹಳದಿ ಮೈಯ, ಸಾಲುಸಾಲಾಗಿ ಕಿತ್ತಳೆ ಚುಕ್ಕಿ ಇಟ್ಟುಕೊಂಡ ಸಣ್ಣದನ್ನು ಯಾರೂ ಕೇಳುತ್ತಿರಲಿಲ್ಲ. ನಾನು ಅದನ್ನು ಕೊಡಪಾನದಲ್ಲಿ ಹಾಕಿಕೊಂಡು ಸಂಜೆಯವರೆಗೆ ನೋಡುತ್ತ ಕೂರುತ್ತಿದ್ದೆ.

ಈಗ ಬೆಂಗಳೂರಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬ್ ಒಂದರಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ಬಾಡಿಗೆ ಮನೆಯ ಹಾಲಿನಲ್ಲಿ ಅದೇ ಸಣ್ಣ ಕಾಗಳಸಿಗಳಿವೆ. ಅಂಗಡಿಯವರ ಬಾಯಲ್ಲಿ ಇದು ಆರೆಂಜ್ ಕ್ರೋಮೈಡ್, ಮಲಯಾಳಿಗಳಿಗೆ ಪಳ್ಳತ್ತಿ, ಶಾಸ್ತ್ರದ ಹೆಸರು ಸ್ಯೂಡೆಟ್ರೋಪ್ಲಸ್ ಮ್ಯಾಕುಲೇಟಸ್. ದೊಡ್ಡದು ಎಟ್ರೋಪ್ಲಸ್ ಸುರಾಟೆನ್ಸಿಸ್. ಕೇರಳದವರು ಕರಿಮೀನ್ ಎಂದು ಕರೆದು 2010ರಲ್ಲಿ ತಮ್ಮ ರಾಜ್ಯದ ಮೀನು ಎಂದು ಘೋಷಿಸಿಕೊಂಡದ್ದು ಇದನ್ನೇ. ಗೋವಾದಲ್ಲಿ ಕಾಳುಂದರ್. ಈ ಬಳಗದಲ್ಲಿ ನಮ್ಮ ದೇಶಕ್ಕೆ ಸೇರಿದವು ಮೂರೇ ಮೂರು. ಸಿಕ್ಲಿಡ್ ಎಂಬ ದೊಡ್ಡ ಕುಟುಂಬದಲ್ಲಿ ಭಾರತದ ಮೂಲನಿವಾಸಿಗಳೂ ಈ ಮೂರೇ. ಇವುಗಳ ಹತ್ತಿರದ ನೆಂಟರು ಇರುವುದು ಮಡಗಾಸ್ಕರಿನಲ್ಲಿ.

ಅಂಗಡಿಯಿಂದ ಇದನ್ನು ಕೊಂಡುಹೋದ ಹಲವರು 'ಎರಡು ತಿಂಗಳಲ್ಲಿ ಮಂಕಾಗಿ ಸತ್ತುಹೋಯಿತು' ಎಂದು ನನ್ನ ಬಳಿ ಹೇಳಿಕೊಂಡಿದ್ದಾರೆ. ಅವರಲ್ಲಿ ಹೆಚ್ಚಿನವರ ಮೀನು ಚಪ್ಪೆ ನೀರಿನಲ್ಲಿ, ಗೋಲ್ಡ್‌ಫಿಶ್ ಪಕ್ಕದಲ್ಲಿ ಇತ್ತು. ಚಪ್ಪೆ ನೀರಿನಲ್ಲಿ ಈ ಮೀನು ಬದುಕುವುದೇ ಇಲ್ಲ ಎಂದಲ್ಲ. ಹೊಳೆಯ ಮೇಲ್ಭಾಗದಲ್ಲೂ ಸಿಗುತ್ತದೆ. ಆದರೆ ಕೊಳೆ ಸೇರಿದ, ಗಡಸುತನ ಇಲ್ಲದ, ದಿನದಿನಕ್ಕೆ ಹುಳಿಯಾಗುತ್ತ ಹೋಗುವ ತೊಟ್ಟಿಯ ನೀರನ್ನು ಇದು ತಡೆಯುವುದಿಲ್ಲ. ಹಾಗಾಗಿ ಮೀನಿಗಿಂತ ಮೊದಲು ನೀರಿನ ಮಾತು ಹೇಳುತ್ತೇನೆ, ಅದನ್ನೇ ಉದ್ದಕ್ಕೆ ಹೇಳುತ್ತೇನೆ.

ತೊಟ್ಟಿ

ಆರು ಮೀನಿಗೆ ಮೂರು ಅಡಿ ಉದ್ದದ ತೊಟ್ಟಿ ಬೇಕು. ನನ್ನದು 36 ಅಂಗುಲ ಉದ್ದ, 15 ಅಗಲ, 15 ಎತ್ತರ. ಲೆಕ್ಕಕ್ಕೆ 130 ಲೀಟರ್, ಮರಳು ಕಲ್ಲು ಹಾಕಿ ಮೇಲೆ ಎರಡು ಬೆರಳು ಜಾಗ ಬಿಟ್ಟರೆ ನೀರು ಹಿಡಿಯುವುದು 110 ಲೀಟರಿನ ಹತ್ತಿರ. ಇದು ಬೆಳೆದರೂ 8 ಸೆಂಟಿಮೀಟರಿನ ಮೀನು, ಅದಕ್ಕೇಕೆ ಇಷ್ಟು ಜಾಗ ಎನ್ನಬಹುದು. ಜೋಡಿ ಕಟ್ಟಿದ ಮೇಲೆ ಒಂದು ಮೂಲೆಯನ್ನು ತನ್ನದು ಮಾಡಿಕೊಂಡು ಉಳಿದವನ್ನು ಅಟ್ಟುತ್ತದೆ. ಅಟ್ಟಿಸಿಕೊಂಡವಕ್ಕೆ ಓಡಲು ಜಾಗ ಬೇಡವೇ? ಒಂದೋ ಎರಡೋ ತಂದು ಸಾಕಬೇಡಿ. ಗುಂಪಿಲ್ಲದೆ ಹೋದರೆ ಕಲ್ಲಿನ ಹಿಂದೆ ಅಡಗಿ ಊಟಕ್ಕೂ ಹೊರಗೆ ಬರುವುದಿಲ್ಲ.

ತಳಕ್ಕೆ ಸಣ್ಣ ಮರಳು ಎರಡು ಅಂಗುಲ. ಮರಿಗಳಿಗೆ ಗುಂಡಿ ತೋಡಲು ಇದು ಬೇಕಾಗುತ್ತದೆ, ಅದು ಆಮೇಲೆ ಬರುತ್ತದೆ. ಒಂದಷ್ಟು ಉರುಟು ಕಲ್ಲು, ಒಂದು ಮರದ ಬೇರು, ಒಂದೆರಡು ಮಂಗಳೂರು ಹಂಚಿನ ತುಂಡು. ಹಂಚಿನ ಚೂಪು ಅಂಚನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿ, ಓರೆಯಾಗಿ ಒರಗಿಸಿ ಇಡಿ. ಮುಚ್ಚಳಕ್ಕೆ ಕಬ್ಬಿಣದ ತಿರುಗಣೆ ಬೇಡ. ಉಪ್ಪಿನ ಹನಿ ಹಾರಿ ಅಂಚಿಗೆಲ್ಲ ಬಿಳಿ ಪೊರೆ ಕಟ್ಟುತ್ತದೆ; ನನ್ನ ಮೊದಲ ಮುಚ್ಚಳದ ತಿರುಗಣೆ ತುಕ್ಕು ಹಿಡಿದು ತುಕ್ಕಿನ ನೀರು ತೊಟ್ಟಿಗೇ ಇಳಿಯಿತು. ಈಗ ಬರೀ ಗಾಜಿನ ಹಲಗೆ ಇಟ್ಟಿದ್ದೇನೆ, ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ತುಂಬಿದ ತೊಟ್ಟಿ ಒಂದೂವರೆ ಕ್ವಿಂಟಾಲ್ ದಾಟುತ್ತದೆ, ಟಿವಿ ಮೇಜಿನ ಮೇಲೆ ಇಡಬೇಡಿ.

ಯಾವ ಉಪ್ಪು, ಎಷ್ಟು ಉಪ್ಪು

ಎಲ್ಲರೂ ಎಡವುವುದು ಇಲ್ಲೇ. 'ಒಂದು ಚಮಚ ಉಪ್ಪು ಹಾಕಿದ್ದೇನೆ' ಎನ್ನುತ್ತಾರೆ. ಒಂದು ಚಮಚ ಉಪ್ಪಿನಿಂದ ನೂರು ಲೀಟರ್ ನೀರು ಸವುಳಾಗುವುದಿಲ್ಲ. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ನಾವು ಹಿಡಿಯಬೇಕಾದದ್ದು ಅದರ ಕಾಲುಭಾಗದ ಆಸುಪಾಸು, ಅಂದರೆ ಲೀಟರಿಗೆ 8 ಗ್ರಾಂ. ಮಾಪಕದಲ್ಲಿ ಸಾಂದ್ರತೆ 1.005 ಸುತ್ತಮುತ್ತ ಬರುತ್ತದೆ. 110 ಲೀಟರಿಗೆ 880 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಯೇ ಹಾಕಿ.

ಉಪ್ಪು ಎಂದರೆ ಅಡುಗೆ ಉಪ್ಪಲ್ಲ, ಕಡಲ ಮೀನು ಸಾಕುವವರು ಬಳಸುವ ಮರೀನ್ ಸಾಲ್ಟ್. ಕಿಲೋಗೆ ದುಬಾರಿ ಎನಿಸಿ ನಾನೂ ಮೊದಲಿಗೆ ಊರಿನ ಉಪ್ಪನ್ನೇ ತಂದಿದ್ದೆ. ಸಾಣಿಕಟ್ಟಾದ ಉಪ್ಪಿನಾಗರ ನಮ್ಮ ಅಘನಾಶಿನಿಯ ದಂಡೆಯಲ್ಲೇ ಇದೆ; ಅದೇ ಅಳಿವೆಯ ನೀರನ್ನು ಬಿಸಿಲಿಗೆ ಒಣಗಿಸಿ ತೆಗೆದ ಹರಳು, ಅದೇ ಅಳಿವೆಯ ಮೀನಿಗೆ ಏಕೆ ಆಗಬಾರದು ಎಂದು ನನಗೆ ಅನಿಸಿತ್ತು. ಆಗುವುದಿಲ್ಲ, ಕಾರಣ ಸರಳ. ಕಡಲ ನೀರು ಬಿಸಿಲಿಗೆ ಗಟ್ಟಿಯಾಗುತ್ತ ಬಂದ ಹಾಗೆ ಸುಣ್ಣದ ಅಂಶ ಮೊದಲೇ ಕೆಳಗೆ ಕೂತುಬಿಡುತ್ತದೆ, ಆಮೇಲೆ ಸೋಡಿಯಂ ಕ್ಲೋರೈಡಿನ ಹರಳು ಕಟ್ಟುತ್ತದೆ, ಮೆಗ್ನೀಷಿಯಂ ಕೊನೆಗೆ ಉಳಿಯುವ ಕಹಿ ನೀರಿನಲ್ಲೇ ಉಳಿಯುತ್ತದೆ. ನಮ್ಮ ಕೈಗೆ ಬರುವ ಹರಳಿನಲ್ಲಿ ಹೆಚ್ಚುಪಾಲು ಸೋಡಿಯಂ ಕ್ಲೋರೈಡ್ ಒಂದೇ. ಸಾರಿಗೆ ಅದು ಬೇಕು. ಮೀನಿಗೆ ಕ್ಯಾಲ್ಸಿಯಂ, ಮೆಗ್ನೀಷಿಯಂ, ಕಾರ್ಬೊನೇಟ್ ಎಲ್ಲವೂ ಕೂಡಿದ ಲವಣ ಬೇಕು. ನೀರಿನ ಪಿಎಚ್, ಅಂದರೆ ಹುಳಿ ಕ್ಷಾರದ ಅಳತೆ, 7.5ರಿಂದ 8.5ರೊಳಗೆ ನಿಲ್ಲುವುದು ಆ ಕಾರ್ಬೊನೇಟಿನ ಬಲದಿಂದ.

ಪಿಎಚ್ ಹಿಡಿದು ನಿಲ್ಲಿಸಲು ಇನ್ನೊಂದು ಆಸರೆ ಬಳಚಿನ ಚಿಪ್ಪು. ಊರಿಗೆ ಹೋದಾಗ ಬಳಚಿನ ಪಲ್ಯ ಆದಮೇಲೆ ಉಳಿದ ಚಿಪ್ಪನ್ನು ತೊಳೆದು, ಅರ್ಧ ಗಂಟೆ ಕುದಿಸಿ, ವಾರವಿಡೀ ಬಿಸಿಲಿಗೆ ಒಣಗಿಸಿ, ಒರಳಿನಲ್ಲಿ ದಪ್ಪದಪ್ಪ ಒಡೆದು ತರುತ್ತೇನೆ. ಎರಡು ಹಿಡಿಯಷ್ಟನ್ನು ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗೆ ಇಟ್ಟರೆ ನೀರು ಹುಳಿಯಾಗುವ ಹೊತ್ತಿಗೆ ಅದು ನಿಧಾನ ಕರಗಿ ಸರಿದೂಗಿಸುತ್ತದೆ. ಊರಿನ ನಂಟಿಲ್ಲದವರು ಅಂಗಡಿಯ ಹವಳದ ಪುಡಿ ಬಳಸಬಹುದು, ಕೆಲಸ ಒಂದೇ.

ನೀರಿನ ಉಪ್ಪು ಅಳೆಯಲು ರಿಫ್ರ್ಯಾಕ್ಟೋಮೀಟರ್ ಕೊಳ್ಳಿ, ಒಂದೆರಡು ಹನಿ ನೀರು ಹಾಕಿ ಬೆಳಕಿಗೆ ಹಿಡಿದು ನೋಡುವ ಕೊಳವೆ ಅದು. ನಮ್ಮ ಲ್ಯಾಬಿನಲ್ಲಿ ಮೂತ್ರದ ಸಾಂದ್ರತೆ ನೋಡಲು ಇಂಥದ್ದೇ ಕೊಳವೆ ಇದೆ. ಆದರೆ ಅದರ ಅಳತೆಪಟ್ಟಿ ಬೇರೆ ದ್ರವಕ್ಕೆ ಹೊಂದಿಸಿದ್ದು, ಕಡಲ ಲವಣಕ್ಕೆ ತಪ್ಪು ತೋರಿಸುತ್ತದೆ. 'ಸಲೈನಿಟಿ' ಎಂದು ಇರುವುದನ್ನೇ ತೆಗೆದುಕೊಳ್ಳಿ. ತಿಂಗಳಿಗೊಮ್ಮೆ ಆರ್‌ಒ ನೀರಿನ ಎರಡು ಹನಿ ಹಾಕಿ ಸೊನ್ನೆಗೆ ಹೊಂದಿಸಿ. ಗಾಜಿನ ತೇಲುಮಾಪಕ ಅಗ್ಗ, ಆದರೆ ಅದಕ್ಕೆ ಅಂಟಿದ ಒಂದು ಗುಳ್ಳೆ ಸಾಕು, ಲೆಕ್ಕ ತಪ್ಪುತ್ತದೆ.

ಇನ್ನೊಂದು ವಿಷಯವನ್ನು ದಯವಿಟ್ಟು ಮನಸ್ಸಿನಲ್ಲಿಡಿ. ತೊಟ್ಟಿಯ ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಮಟ್ಟ ಇಳಿದದ್ದಕ್ಕೆ ತುಂಬುವ ನೀರು ಚಪ್ಪೆಯೇ ಆಗಿರಬೇಕು. ಕೊಳೆ ತೆಗೆಯಲು ನೀರು ಬದಲಿಸುವಾಗ ಮಾತ್ರ ಸವುಳು ನೀರು ಹಾಕಬೇಕು. ಇವೆರಡನ್ನು ಅದಲುಬದಲು ಮಾಡಿದರೆ ಏನಾಗುತ್ತದೆ ನೋಡಿ: ಬೇಸಿಗೆಯಲ್ಲಿ ವಾರಕ್ಕೆ 5 ಲೀಟರ್ ಆವಿಯಾಯಿತು, ನೀವು ಅಷ್ಟನ್ನೂ 8 ಗ್ರಾಂ ಲೆಕ್ಕದ ಸವುಳು ನೀರಿನಿಂದಲೇ ತುಂಬಿದಿರಿ ಎನ್ನಿ. ವಾರಕ್ಕೆ 40 ಗ್ರಾಂ ಹೆಚ್ಚುವರಿ, ಹತ್ತು ವಾರಕ್ಕೆ 400 ಗ್ರಾಂ. ನಡುವೆ ನೀರು ಬದಲಿಸದೆ ಇದ್ದರೆ ನೂರು ಲೀಟರಿನ ತೊಟ್ಟಿ 8ರಿಂದ 12ಕ್ಕೆ ಏರಿರುತ್ತದೆ, ನಿಮಗೆ ಗೊತ್ತೇ ಆಗಿರುವುದಿಲ್ಲ. ನಾನು ಗಾಜಿನ ಹೊರಗೆ ನೀರಿನ ಮಟ್ಟಕ್ಕೆ ಸರಿಯಾಗಿ ಕಪ್ಪು ಟೇಪಿನ ಗೆರೆ ಹಾಕಿದ್ದೇನೆ. ಗೆರೆಗಿಂತ ಇಳಿದರೆ ಚಪ್ಪೆ ನೀರು, ಗೆರೆಯವರೆಗೆ ಮಾತ್ರ.

ಬೆಂಗಳೂರಿನ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದನ್ನು ತೆಗೆಯುವ ದ್ರವ ಹಾಕಿಯೇ ಬಳಸಿ. ಬೋರ್‌ವೆಲ್ ನೀರಿನ ಗಡಸುತನ ಬೇರೆ ಮೀನುಗಳಿಗೆ ತೊಂದರೆ, ಇವಕ್ಕೆ ಒಳ್ಳೆಯದೇ.

ಆರು ವಾರ ಖಾಲಿ ತೊಟ್ಟಿ

ಮೀನು ಹಾಕುವ ಆರು ವಾರ ಮೊದಲೇ ನೀರು ತುಂಬಿ, ಫಿಲ್ಟರ್ ಓಡಿಸಿ. ಮೀನಿನ ಮಲ, ಉಳಿದ ಊಟ ಎಲ್ಲವೂ ಅಮೋನಿಯ ಆಗುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ವಿಷ, ಮೂರನೆಯದು ಕಡಿಮೆ ಇದ್ದರೆ ಪರವಾಗಿಲ್ಲ. ಖಾಲಿ ತೊಟ್ಟಿಗೆ ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತ ಬಂದರೆ ಈ ಜೀವಿಗಳು ಬೆಳೆಯುತ್ತವೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಏರಿ, ಇಳಿದು, ಸೊನ್ನೆಗೆ ಬಂದು ಒಂದು ವಾರ ಅಲ್ಲೇ ನಿಂತರೆ ತೊಟ್ಟಿ ಸಿದ್ಧ.

ಸವುಳು ತೊಟ್ಟಿಗೆ ಇದರಲ್ಲಿ ಎರಡು ವಿಶೇಷ ಎಚ್ಚರಿಕೆ ಇದೆ. ಪಿಎಚ್ ಏರಿದಷ್ಟೂ ಅಮೋನಿಯದ ವಿಷ ತೀವ್ರವಾಗುತ್ತದೆ. ಗೋಲ್ಡ್‌ಫಿಶ್ ತೊಟ್ಟಿಯಲ್ಲಿ ತಡೆದುಹೋಗುವ ಅಷ್ಟೇ ಅಮೋನಿಯ ಇಲ್ಲಿ ಕಿವಿರು ಸುಡುತ್ತದೆ. ಎರಡನೆಯದನ್ನು ನಾನು ಪೆಟ್ಟು ತಿಂದು ಕಲಿತೆ. 2018ರಲ್ಲಿ ಮೊದಲ ತೊಟ್ಟಿಯನ್ನು ಚಪ್ಪೆ ನೀರಿನಲ್ಲೇ ಸಿದ್ಧಮಾಡಿ, ಆರು ಮೀನು ತಂದುಬಿಟ್ಟು, ಒಂದು ಭಾನುವಾರ ಲೆಕ್ಕದ ಉಪ್ಪನ್ನೆಲ್ಲ ಒಂದೇ ಸಲ ಕರಗಿಸಿ ಸುರಿದೆ. ಮೀನಿಗೆ ಏನೂ ಆಗಲಿಲ್ಲ. ಭರತಿ ಇಳಿತದಲ್ಲಿ ಹುಟ್ಟಿ ಬೆಳೆಯುವ ಜಾತಿ ಅದು. ಸತ್ತದ್ದು ಸ್ಪಂಜಿನ ಬ್ಯಾಕ್ಟೀರಿಯ. ಬುಧವಾರದ ಹೊತ್ತಿಗೆ ನೈಟ್ರೈಟ್ ಪರೀಕ್ಷೆಯ ಬಣ್ಣ ಕಡು ನೇರಳೆಗೆ ತಿರುಗಿತು, ಗುರುವಾರ ಬೆಳಿಗ್ಗೆ ಎರಡು ಮೀನು ಮೇಲ್ಮೈಯಲ್ಲಿ ಬಾಯಿ ಬಿಡುತ್ತಿದ್ದವು, ಸಂಜೆ ಕೆಲಸದಿಂದ ಬರುವಷ್ಟರಲ್ಲಿ ಹೋಗಿದ್ದವು. ಆ ಎರಡು ಮೀನಿನ ನೆನಪು ನನಗೆ ಈಗಲೂ ಇದೆ. ಆದ್ದರಿಂದ ತೊಟ್ಟಿಯನ್ನು ಶುರುವಿನಿಂದಲೇ ಸವುಳು ನೀರಿನಲ್ಲಿ ಸಿದ್ಧಮಾಡಿ. ಈಗಾಗಲೇ ಚಪ್ಪೆ ನೀರಿನಲ್ಲಿ ನಡೆಯುತ್ತಿರುವ ತೊಟ್ಟಿಯನ್ನು ಬದಲಿಸುವುದಾದರೆ ವಾರಕ್ಕೆ ಲೀಟರಿಗೆ 2 ಗ್ರಾಂ ಮಾತ್ರ ಏರಿಸಿ, ನಾಲ್ಕು ವಾರ ತೆಗೆದುಕೊಳ್ಳಿ.

ಮೀನು ತರುವುದು

ಊರಿನಿಂದ ಹಿಡಿದು ತರಬಹುದಲ್ಲ ಎಂದು ಕೇಳುತ್ತಾರೆ. ನನ್ನ ತಮ್ಮ ಒಮ್ಮೆ ಗಜನಿಯಿಂದ ಎಂಟು ಮರಿಯನ್ನು ಐದು ಲೀಟರಿನ ಕ್ಯಾನಿನಲ್ಲಿ ಹಾಕಿಕೊಂಡು ರಾತ್ರಿ ಬಸ್ಸಿಗೆ ಬಂದ. ಬೆಳಿಗ್ಗೆ ಮುಚ್ಚಳ ತೆಗೆದಾಗ ಒಂದೂ ಉಳಿದಿರಲಿಲ್ಲ. ಆಮೇಲೆ ಆ ಪ್ರಯತ್ನ ಬಿಟ್ಟೆ. ತೊಟ್ಟಿಯಲ್ಲೇ ಹುಟ್ಟಿದ ಮರಿ ಸಿಗುತ್ತದೆ, ಊಟಕ್ಕೆ ಬೇಗ ಒಗ್ಗುತ್ತದೆ, ಅಳಿವೆಯಲ್ಲಿರುವುದು ಅಳಿವೆಯಲ್ಲೇ ಇರುತ್ತದೆ.

ಎರಡು ಮೂರು ಸೆಂಟಿಮೀಟರಿನ ಆರು ಮರಿ ತೆಗೆದುಕೊಳ್ಳಿ. ಗಂಡು ಹೆಣ್ಣು ಹೊರನೋಟಕ್ಕೆ ಗೊತ್ತಾಗುವುದಿಲ್ಲ, ಆರರಲ್ಲಿ ಒಂದು ಜೋಡಿ ತಾನಾಗಿ ಆಗುತ್ತದೆ. ಕೊಳ್ಳುವಾಗ ಅಂಗಡಿಯವನಿಗೆ ಊಟ ಹಾಕಲು ಹೇಳಿ, ಓಡಿಬಂದು ತಿನ್ನುವುದನ್ನು ಆರಿಸಿ. ರೆಕ್ಕೆ ಮಡಚಿಕೊಂಡು ಮೂಲೆಯಲ್ಲಿ ನಿಂತದ್ದು, ಬೆನ್ನು ಸಪೂರವಾಗಿ ತಲೆಯೇ ದೊಡ್ಡದಾಗಿ ಕಾಣುವುದು ಬೇಡ. ಹೊಳೆಯಲ್ಲಿ ಸಿಗುವ ಬಣ್ಣದ್ದು ಹಸಿರು ಮಿಶ್ರಿತ ಹಳದಿ, ಪಕ್ಕದಲ್ಲಿ ಕಪ್ಪು ಮಚ್ಚೆ. ಮಚ್ಚೆಯಿಲ್ಲದ ಪೂರ್ತಿ ಚಿನ್ನದ ಬಣ್ಣದ ತಳಿಯೂ ಇದೆ. ನನಗೆ ಮಚ್ಚೆಯಿರುವುದೇ ಇಷ್ಟ.

ಯಾವ ನೀರಿನಲ್ಲಿ ಇಟ್ಟಿದ್ದಾರೆ ಎಂದು ಕೇಳಿ, ಕೇಳಿದ್ದನ್ನು ನಂಬದೆ ಮನೆಗೆ ಬಂದು ಚೀಲದ ನೀರಿನ ಎರಡು ಹನಿಯನ್ನು ಮಾಪಕಕ್ಕೆ ಹಾಕಿ. ನನಗೆ ಒಂದು ಅಂಗಡಿಯಲ್ಲಿ 'ಸಾಲ್ಟ್ ವಾಟರಿನದೇ' ಎಂದು ಖಡಾಖಂಡಿತ ಹೇಳಿದ್ದರು, ಮಾಪಕ ಸೊನ್ನೆ ತೋರಿಸಿತು. ಚಪ್ಪೆ ನೀರಿನಿಂದ ಬಂದದ್ದಾದರೆ ಮೊದಲು 40 ಲೀಟರಿನ ಬೇರೆ ತೊಟ್ಟಿಯಲ್ಲಿ ಮೂರು ನಾಲ್ಕು ವಾರ ಇಟ್ಟು, ರೋಗ ಇದೆಯೇ ನೋಡಿಕೊಳ್ಳುತ್ತ ವಾರಕ್ಕೆ 2 ಗ್ರಾಂನಂತೆ ಏರಿಸಿ. ಅಲ್ಲಿಂದ ದೊಡ್ಡ ತೊಟ್ಟಿಗೆ ಬಿಡುವಾಗ ತೆಳು ಪೈಪಿಗೆ ಗಂಟು ಹಾಕಿ ಹನಿಹನಿಯಾಗಿ ಒಂದು ಗಂಟೆ ನೀರು ಬೆರೆಸಿದರೆ ಸಾಕು.

ಮರೆತೇನು ಎಂದು ಇಲ್ಲೇ ಹೇಳುತ್ತೇನೆ. ಕೆಲವು ಅಂಗಡಿಯಲ್ಲಿ ಕೆನರಾ ಪರ್ಲ್‌ಸ್ಪಾಟ್ ಎಂದು ಇನ್ನೊಂದು ಮೀನು ತೋರಿಸುತ್ತಾರೆ, ನೀಲಿ ಹಸಿರು ಮೈಗೆ ಮುತ್ತಿನ ಸಾಲು ಇರುವಂಥದ್ದು. ಬಳಗದ ಮೂರನೆಯವನು ಇವನೇ, ಎಟ್ರೋಪ್ಲಸ್ ಕೆನರೆನ್ಸಿಸ್. 1877ರಲ್ಲಿ ಫ್ರಾನ್ಸಿಸ್ ಡೇ ನಮ್ಮ ಕೆನರಾದ ಹೆಸರನ್ನೇ ಇದಕ್ಕೆ ಇಟ್ಟ. ಇದು ಸವುಳು ನೀರಿನದಲ್ಲ. ದಕ್ಷಿಣ ಕನ್ನಡದ ನೇತ್ರಾವತಿಯ ಕಡೆಯ ಸಿಹಿನೀರ ಹೊಳೆಯ ಮೀನು, ಅಳಿವಿನ ಅಂಚಿನ ಜೀವಿಗಳ ಪಟ್ಟಿಯಲ್ಲಿದೆ. ನಮ್ಮ ನೆಲದ ಹೆಸರು ಹೊತ್ತು ನಮ್ಮ ಹೊಳೆಯಲ್ಲೇ ಕಡಿಮೆಯಾಗುತ್ತಿರುವ ಮೀನು. ಅದನ್ನು ನಾನು ಕೊಳ್ಳುವುದಿಲ್ಲ, ನೀವೂ ಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇನೆ.

'ಗ್ರೀನ್ ಕ್ರೋಮೈಡ್' ಎಂದು ಎರಡು ಇಂಚಿನ ಮರಿ ಮಾರುತ್ತಾರಲ್ಲ, ಅದು ಕರಿಮೀನ್ ಮರಿ. ಅಂಗೈ ಮೀರಿ ಬೆಳೆಯುತ್ತದೆ, ಮೂರು ಅಡಿಯ ತೊಟ್ಟಿಗೆ ಅಲ್ಲ. ಆದರೆ ಹೊಳೆಯಲ್ಲಿ ಇವೆರಡರ ಸಂಬಂಧ ಬಹಳ ಚೆಂದ. ಸಣ್ಣ ಕಾಗಳಸಿ ದೊಡ್ಡದರ ಮೈಮೇಲಿನ ಪರೋಪಜೀವಿ, ರೆಕ್ಕೆಗೆ ಹಿಡಿದ ಬೂಷ್ಟು ಎಲ್ಲವನ್ನೂ ಕುಕ್ಕಿ ಚೊಕ್ಕ ಮಾಡುತ್ತದೆ, ದೊಡ್ಡದು ಅಲ್ಲಾಡದೆ ನಿಂತು ಮಾಡಿಸಿಕೊಳ್ಳುತ್ತದೆ. ಅದೇ ದೊಡ್ಡದು ಮೊಟ್ಟೆಯಿಟ್ಟಾಗ ಅದೇ ಸಣ್ಣದು ಆ ಮೊಟ್ಟೆ ಮರಿಗಳನ್ನು ಕದ್ದು ತಿನ್ನಲು ನೋಡುತ್ತದೆ.

ಜೊತೆಗೆ ಬೇರೆ ಏನಾದರೂ ಬೇಕೆಂದರೆ ನೈಟ್ ಗೋಬಿ ಎರಡು, ಇಲ್ಲವೇ ಮೋಲಿ ನಾಲ್ಕೈದು. ಸ್ಕ್ಯಾಟ್, ಮೋನೊ ಎರಡೂ ತಟ್ಟೆಯಷ್ಟು ಅಗಲಕ್ಕೆ ಬೆಳೆಯುತ್ತವೆ, ತರಬೇಡಿ. ಗಿಡಗಳಲ್ಲಿ ಜಾವಾ ಫರ್ನ್ ಈ ಉಪ್ಪನ್ನು ತಡೆಯುತ್ತದೆ. ನನ್ನ ತೊಟ್ಟಿಯ ಮೂಲೆಯಲ್ಲಿ ಒಂದು ಕಾಂಡ್ಲಾ (ಮ್ಯಾಂಗ್ರೋವ್) ಸಸಿ ಇದೆ. ತದಡಿಯ ದಂಡೆಯಲ್ಲಿ ಭರತಿ ತಂದು ಎಸೆದಿದ್ದ ಉದ್ದನೆಯ ಕೋಡನ್ನು ಎತ್ತಿಕೊಂಡು ಬಂದು ಬುಡ ಮಾತ್ರ ನೀರಿಗೆ ಮುಳುಗುವಂತೆ ಸಿಕ್ಕಿಸಿದ್ದು. ಈಗ ಎಂಟು ಎಲೆ. ಎಲೆಯ ಮೇಲೆ ದಿನಾ ಚಪ್ಪೆ ನೀರು ಚಿಮುಕಿಸುತ್ತೇನೆ. ದಂಡೆಯಲ್ಲಿ ಬೇರೂರಿರುವ ಸಸಿಯನ್ನು ಮಾತ್ರ ಯಾರೂ ಕೀಳಬೇಡಿ.

ದಿನದ ಆರೈಕೆ

ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಊಟ. ಹೊಳೆಯಲ್ಲಿ ಇವು ಪಾಚಿ, ಸಣ್ಣ ಹುಳ, ಎಲ್ಲವನ್ನೂ ತಿನ್ನುತ್ತವೆ, ಆದ್ದರಿಂದ ಮಾಂಸ ಸೊಪ್ಪು ಎರಡೂ ಇರಲಿ. ನಾನು ಬೆಳಿಗ್ಗೆ ಸಣ್ಣ ಕಾಳಿನ ಆಹಾರ, ಸಂಜೆ ಒಂದು ದಿನ ಸಿಗಡಿಯ ಚೂರು, ಒಂದು ದಿನ ಬಿಸಿನೀರಿಗೆ ಅದ್ದಿ ತೆಗೆದ ಬಸಳೆ ಎಲೆ. ವಾರಕ್ಕೊಂದು ದಿನ ಉಪವಾಸ. ನೀರಿನ ಬಿಸಿ 26ರಿಂದ 28 ಡಿಗ್ರಿ. ಬೆಂಗಳೂರಿನ ಡಿಸೆಂಬರಿನಲ್ಲಿ ಹೀಟರ್ ಬೇಕೇಬೇಕು.

ಭಾನುವಾರ 25 ಲೀಟರ್ ನೀರು ಬದಲಾವಣೆ. ಶನಿವಾರ ರಾತ್ರಿಯೇ ಬಕೆಟ್ಟಿನಲ್ಲಿ 200 ಗ್ರಾಂ ಉಪ್ಪು ಹಾಕಿ ಗಾಳಿಯ ಪಂಪ್ ಬಿಟ್ಟಿರುತ್ತೇನೆ, ಬೆಳಿಗ್ಗೆ ಅಳೆದು ಹಾಕುತ್ತೇನೆ. ತೊಟ್ಟಿಗೇ ನೇರ ಉಪ್ಪು ಸುರಿಯಬೇಡಿ, ಕರಗದ ಹರಳು ಮೀನಿನ ಮೈಗೆ ತಾಗಿದರೆ ಸುಡುತ್ತದೆ. ಜೂನ್ ಬಂದರೆ ನಾನು ಬದಲಾಯಿಸುವ ನೀರಿಗೆ ಉಪ್ಪು ಕಡಿಮೆ ಮಾಡುತ್ತ ಬಂದು ಆಗಸ್ಟಿನ ಹೊತ್ತಿಗೆ ಲೀಟರಿಗೆ 4 ಗ್ರಾಂಗೆ ಇಳಿಸುತ್ತೇನೆ, ದೀಪಾವಳಿಯಿಂದ ಮತ್ತೆ ಏರಿಸುತ್ತೇನೆ. ಹೀಗೆ ಮಾಡಲೇಬೇಕೆಂದಿಲ್ಲ. ಊರಿನಲ್ಲಿ ಹೊಳೆ ಚಪ್ಪೆಯಾಗುವ ಹೊತ್ತಿಗೆ ಇಲ್ಲಿಯೂ ಹಾಗಾಗಲಿ ಎಂಬುದು ನನ್ನ ಆಸೆ.

ಮೊಟ್ಟೆ, ಮರಿ

ವರ್ಷದೊಳಗೆ ಎರಡು ಮೀನು ಜೊತೆಯಾಗಿ ಓಡಾಡಲು ಶುರುಮಾಡುತ್ತವೆ. ಹಂಚಿನ ಕೆಳಗಿನ ನೆರಳನ್ನು ಆರಿಸಿಕೊಂಡು ಅದನ್ನು ಬಾಯಿಂದ ಉಜ್ಜಿ ಉಜ್ಜಿ ತೊಳೆಯುತ್ತವೆ. ಎರಡರ ಹೊಟ್ಟೆಯ ಭಾಗವೂ ಕಪ್ಪಗಾಗುತ್ತದೆ, ಕಾಡಿಗೆ ಬಳಿದ ಹಾಗೆ. ಆಗ ಉಳಿದ ನಾಲ್ಕನ್ನು ಬೇರೆ ತೊಟ್ಟಿಗೆ ಸಾಗಿಸಿ. ಜೋಡಿಯನ್ನು ಮುಟ್ಟಬೇಡಿ, ಜಾಗ ಬದಲಿಸಿದರೆ ಒಲವು ಮುರಿಯುತ್ತದೆ. ಫಿಲ್ಟರಿನ ಬಾಯಿಗೆ ಸ್ಪಂಜು ಕಟ್ಟಿ.

ಮೊಟ್ಟೆ ಇನ್ನೂರರವರೆಗೆ ಇರಬಹುದು. ಒಂದೊಂದೂ ಒಂದು ಸಣ್ಣ ತೊಟ್ಟಿನಿಂದ ಹಂಚಿಗೆ ಅಂಟಿಕೊಂಡು ತೂಗುತ್ತಿರುತ್ತದೆ. ಒಂದು ಮೀನು ರೆಕ್ಕೆಯಿಂದ ಗಾಳಿ ಹಾಕುತ್ತದೆ, ಇನ್ನೊಂದು ಕಾವಲು, ಮತ್ತೆ ಅದಲುಬದಲು. ಬಿಳಿಯಾದ ಮೊಟ್ಟೆಯನ್ನು ತಾವೇ ಕಿತ್ತು ತಿನ್ನುತ್ತವೆ, ಅದು ಸರಿಯಾದದ್ದೇ; ಬೂಷ್ಟು ಪಕ್ಕದ್ದಕ್ಕೆ ಹರಡುವುದಿಲ್ಲ. ರಾತ್ರಿ ಕೋಣೆಯಲ್ಲಿ ಒಂದು ಮಂದ ದೀಪ ಇರಲಿ, ಗಾಢ ಕತ್ತಲೆಯಲ್ಲಿ ಅವಕ್ಕೆ ಗಾಬರಿ. ಚೊಚ್ಚಲ ಬಾರಿ ಬೆಳಗಾಗುವಷ್ಟರಲ್ಲಿ ಮೊಟ್ಟೆ ಪೂರ್ತಿ ಮಾಯವಾಗಬಹುದು, ತಾವೇ ತಿಂದಿರುತ್ತವೆ. ನನ್ನ ಜೋಡಿ ಮೂರು ಸಲ ತಿಂದು ನಾಲ್ಕನೆಯ ಸಲ ಉಳಿಸಿಕೊಂಡಿತು. ಬೇಸರಪಟ್ಟು ಮೊಟ್ಟೆಯನ್ನು ಬೇರೆ ಮಾಡಬೇಡಿ. ಈ ಮೀನಿನ ಮರಿಗೆ ತಂದೆ ತಾಯಿ ಬೇಕು, ಏಕೆಂದು ಈಗ ಹೇಳುತ್ತೇನೆ.

ನಾಲ್ಕೈದು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಅಪ್ಪ ಅಮ್ಮ ಮರಿಗಳನ್ನು ಬಾಯಲ್ಲಿ ಎತ್ತಿ ಮರಳಿನಲ್ಲಿ ಮೊದಲೇ ತೋಡಿಟ್ಟ ಗುಂಡಿಗೆ ಉಗುಳುತ್ತವೆ, ಎರಡು ದಿನಕ್ಕೊಮ್ಮೆ ಗುಂಡಿ ಬದಲಿಸುತ್ತವೆ. ಸುಮಾರು ವಾರ ಕಳೆದ ಮೇಲೆ ಮರಿಗಳು ಮೋಡದ ಹಾಗೆ ಮೇಲೇಳುತ್ತವೆ. ಹಿರಿಯ ಮೀನು ಕಪ್ಪಾದ ಹೊಟ್ಟೆಯ ರೆಕ್ಕೆಯನ್ನು ಪಟಪಟನೆ ಬಡಿದರೆ ಆ ಮೋಡ ಕುಗ್ಗಿ ಅದರ ಕೆಳಗೆ ಸೇರುತ್ತದೆ. ಆಗ ನೀವು ಗಾಜಿನ ಹತ್ತಿರ ಕೂತು ಗಮನಿಸಬೇಕು: ಮರಿಗಳು ಒಂದೊಂದಾಗಿ ಹೋಗಿ ತಂದೆ ತಾಯಿಯ ಪಕ್ಕೆಗೆ ಬಾಯಿ ತಾಗಿಸಿ ತಟ್ಟನೆ ಹಿಂದೆ ಸರಿಯುತ್ತವೆ. ಚರ್ಮದ ಮೇಲಿನ ಲೋಳೆಯನ್ನು ತಿನ್ನುತ್ತಿರುತ್ತವೆ. ಮೊದಲ ಸಲ ಕಂಡಾಗ ರೋಗ ಎಂದು ಹೆದರಿ ಔಷಧಿ ಹುಡುಕಲು ಹೊರಟಿದ್ದೆ. ಆಮೇಲೆ ನೋಡುತ್ತ ನೋಡುತ್ತ ಅಡುಗೆ ಮರೆತು ರಾತ್ರಿ ಹತ್ತರವರೆಗೆ ನೆಲದ ಮೇಲೆ ಕೂತಿದ್ದೆ. ಗಜನಿಯ ಬದುವಿನಲ್ಲಿ ಅಷ್ಟು ವರ್ಷ ಓಡಾಡಿದರೂ ಕೆಸರು ನೀರಿನೊಳಗೆ ಹೀಗೊಂದು ಆರೈಕೆ ನಡೆಯುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಅಪ್ಪನಿಗೆ ಹೇಳಿದೆ. 'ಅದಕ್ಕೇ ಮರಿ ಯಾವಾಗಲೂ ದೊಡ್ಡದಕ್ಕೆ ಅಂಟಿಕೊಂಡೇ ಇರ್ತಿತ್ತು' ಎಂದ.

ಲೋಳೆಯೊಂದೇ ಸಾಲುವುದಿಲ್ಲ. ಈಜಲು ಶುರುಮಾಡಿದ ದಿನದಿಂದ ಆಗಷ್ಟೇ ಒಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮರಿಯನ್ನು ಕೊಡಿ. ಒಂದು ಲೀಟರಿನ ಬಾಟಲಿಯನ್ನು ತಲೆಕೆಳಗು ಮಾಡಿ, ಲೀಟರಿಗೆ 25 ಗ್ರಾಂ ಉಪ್ಪಿನ ನೀರು ತುಂಬಿ, ಕಾಲು ಚಮಚ ಆರ್ಟೀಮಿಯಾ ಮೊಟ್ಟೆ ಹಾಕಿ, ದೀಪದ ಕೆಳಗೆ ಜೋರಾಗಿ ಗಾಳಿ ಬಿಟ್ಟರೆ ಒಂದೂವರೆ ದಿನದೊಳಗೆ ಕಿತ್ತಳೆ ಬಣ್ಣದ ಮರಿ ಸಿದ್ಧ. ಗಾಳಿ ನಿಲ್ಲಿಸಿದರೆ ಸಿಪ್ಪೆ ಮೇಲೆ ತೇಲುತ್ತದೆ, ಮರಿ ಬೆಳಕಿನ ಕಡೆ ಸೇರುತ್ತದೆ. ಪೈಪಿನಿಂದ ಎಳೆದು, ತೆಳು ಬಟ್ಟೆಯಲ್ಲಿ ಸೋಸಿ, ತೊಳೆದು ಹಾಕಿ. ಚಪ್ಪೆ ನೀರಿನಲ್ಲಿ ಅವು ಬೇಗ ಸಾಯುತ್ತವೆ, ಸವುಳು ತೊಟ್ಟಿಯಲ್ಲಿ ಹೆಚ್ಚು ಹೊತ್ತು ಈಜಾಡುತ್ತ ಇರುತ್ತವೆ, ಮರಿಮೀನಿಗೆ ಆಗಾಗ ತಿನ್ನಲು ಸಿಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ. ಕೆಲಸಕ್ಕೆ ಹೋಗುವ ನಾನು ಬೆಳಿಗ್ಗೆ ಆರಕ್ಕೆ, ಎಂಟಕ್ಕೆ, ಸಂಜೆ ಏಳಕ್ಕೆ, ಹತ್ತಕ್ಕೆ ಕೊಡುತ್ತೇನೆ. ಈ ದಿನಗಳಲ್ಲಿ ನೀರು ಬದಲಾವಣೆ ವಾರಕ್ಕೆ ಎರಡು ಸಲ, 10 ಲೀಟರಿನಂತೆ.

ಮರಿಗಳು ಒಂದು ಸೆಂಟಿಮೀಟರ್ ದಾಟಿ, ಜೋಡಿ ಮತ್ತೆ ಹಂಚು ತೊಳೆಯಲು ಶುರುಮಾಡಿದರೆ ಮರಿಗಳನ್ನು ಬೇರೆ ತೊಟ್ಟಿಗೆ ಹಾಕುವ ಹೊತ್ತು ಬಂದಿದೆ. ಅದಕ್ಕೂ ಮೊದಲೇ ಅವನ್ನು ಯಾರಿಗೆ ಕೊಡುವುದು ಎಂದು ಗೊತ್ತುಮಾಡಿಟ್ಟುಕೊಳ್ಳಿ. ಹೆಚ್ಚಾದವನ್ನು ಹತ್ತಿರದ ಕೆರೆಗೆ ಬಿಡುವ ಯೋಚನೆ ಮಾತ್ರ ಬೇಡ. 1952ರಲ್ಲಿ ಹೊರಗಿನಿಂದ ತಂದ ತಿಲಾಪಿಯಾ ಇವತ್ತು ನಮ್ಮ ಕೆರೆ, ಹಿನ್ನೀರು ಎಲ್ಲ ಕಡೆ ತುಂಬಿ ಇದೇ ಕಾಗಳಸಿಗಳ ಜಾಗ, ಆಹಾರಕ್ಕೆ ಪೈಪೋಟಿ ಕೊಡುತ್ತಿದೆ; ಅದೂ ಸಿಕ್ಲಿಡ್ ಕುಟುಂಬದ್ದೇ. ಊರಿನ ಹೊಳೆಗೂ ಬಿಡಬೇಡಿ, ಅಂಗಡಿಯ ತೊಟ್ಟಿಗಳನ್ನು ದಾಟಿ ಬಂದ ಮೀನಿನ ಜೊತೆ ಯಾವ ರೋಗ ಅಲ್ಲಿಗೆ ಇಳಿಯುತ್ತದೋ ಹೇಳಲಾಗದು. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮನ್ನಣೆ ಸಿಕ್ಕಿತು. ಆ ನೀರಿಗೆ ನನ್ನ ತೊಟ್ಟಿಯ ಒಂದು ಹನಿಯನ್ನೂ ನಾನು ಚೆಲ್ಲುವುದಿಲ್ಲ. ಹೋದ ಸಲದ ಎಪ್ಪತ್ತು ಮರಿಗಳಲ್ಲಿ ಹತ್ತನ್ನು ಲ್ಯಾಬಿನ ಸಹೋದ್ಯೋಗಿಗೆ ಕೊಟ್ಟೆ, ತೊಟ್ಟಿ ಆರು ವಾರ ನಡೆದದ್ದನ್ನು ಅವಳ ಪರೀಕ್ಷೆಯ ಪುಸ್ತಕದಲ್ಲಿ ನೋಡಿದ ಮೇಲೆ. ಉಳಿದವು ಇನ್ನೂ ನನ್ನಲ್ಲೇ ಇವೆ, ನಾಳೆ ಅವುಗಳ ನೀರು ಬದಲಿಸುವ ದಿನ, ಬಕೆಟ್ಟಿನಲ್ಲಿ ಉಪ್ಪು ಕರಗುತ್ತಿದೆ.